ಒಂದೇ ಚೀಲ ಸಾಕೆಂದವರು

ಹಳೆ ಬಲೆಯ ಹತ್ತು ಪಟ್ಟು ಬೆಲೆಯ ಆ ಪ್ಲಾಸ್ಟಿಕ್ ಹರಳನ್ನು ನಾನು ಕೊಂಡದ್ದಕ್ಕೆ ಕಾರಣ ಒಂದೇ: ನನ್ನ ರಾಟೆಗಳು ಒಡೆಯುತ್ತಿದ್ದವು. ಮಾರಲು ಬಂದ ಏಜೆಂಟರ ಅಂಗಿಯ ಎಡ ಜೇಬು ಮಾದರಿ ಹರಳುಗಳ ಭಾರಕ್ಕೆ ಜೋತುಬಿದ್ದಿತ್ತು. ನಡೆದರೆ ಜೇಬು ಚರಚರ ಎನ್ನುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಬ್ರಹ್ಮಾವರದ ಹತ್ತಿರ ಬಾಡಿಗೆ ಶೆಡ್ಡಿನಲ್ಲಿ ನಾನು ದೋಣಿಯವರು ಬಿಸಾಡಿದ ನೈಲಾನ್ ಬಲೆಯನ್ನೂ ಪಾಲಿಪ್ರೊಪಿಲೀನ್ ಹಗ್ಗವನ್ನೂ ತೊಳೆದು, ಒಟ್ಟಿಗೆ ಕರಗಿಸಿ, ಬಾವಿಯ ರಾಟೆ ಮಾಡುತ್ತಿದ್ದೆ. ಎರಡೂ ಪ್ಲಾಸ್ಟಿಕ್ಕೇ ಅಲ್ಲವೇ, ಸೇರದೆ ಎಲ್ಲಿಗೆ ಹೋಗುತ್ತವೆ ಎಂದುಕೊಂಡಿದ್ದೆ. ಆದರೆ ಒಡೆದ ರಾಟೆಯನ್ನು ಉಗುರಿನಿಂದ ಕೆರೆದರೆ ಬಾಳೆಯ ಕಂಬದ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ನನ್ನ ಮುಕ್ಕಾಲು ಮಾಲು ಕೊಳ್ಳುತ್ತಿದ್ದ ಸಿದ್ದಾಪುರದ ಅಂಗಡಿಯವರು ಮೂಟೆ ವಾಪಸು ಕೊಟ್ಟರು.

"ಹ್ವಾಯ್, ನಿಮ್ ರಾಟೆ ಒಡುದ್, ಕೊಡಪಾನ ಬಾವಿಗ್ ಬೀಳುದ್, ಕಡಿಗೆ ಬೈಸ್ಕಂಬುದ್ ನಾನ್. ಇನ್ನೊಂದ್ ಸಲ ಒಡದ್ರೆ ನೀವ್ ಬಪ್ಪುದೇ ಬ್ಯಾಡ."

ಅವರು ಕೈಬಿಟ್ಟರೆ ಶೆಡ್ಡಿಗೆ ಬೀಗವೇ ಗತಿ.

ಏಜೆಂಟರು ಬಿಜೂರಿನವರು, ಮುಂಬೈಯಲ್ಲಿ ಪ್ಲಾಸ್ಟಿಕ್ ಕಾರ್ಖಾನೆಗಳನ್ನು ಸುತ್ತಿ ಬಂದವರು. ಅವರ ಹರಳಿಗೆ ಕಂಪ್ಯಾಟಿಬಿಲೈಸರ್ ಎಂದು ಹೆಸರು. ಅದರ ಒಂದು ತುದಿ ನೈಲಾನನ್ನು ಹಿಡಿಯುತ್ತದೆ, ಇನ್ನೊಂದು ಹಗ್ಗದ ಪ್ಲಾಸ್ಟಿಕ್ಕಿನೊಳಗೆ ಸೇರುತ್ತದೆ. ದಪ್ಪ ಹನಿಗಳಾಗಿ ದೂರ ನಿಲ್ಲುವ ನೈಲಾನ್ ಸಣ್ಣ ಸಣ್ಣ ಹನಿಯಾಗಿ ಬೆರೆಯುತ್ತದೆ ಎಂದರು. ನನಗೆ ಅರ್ಧ ತಿಳಿಯಿತು. ತಿಳಿಯದ ಅರ್ಧಕ್ಕೆ ಚೌಕಾಸಿ ಶುರುಮಾಡಿದೆ.

"ಎರಡ್ ಚೀಲ ತಕಂತೆ, ರೇಟ್ ಇಳ್ಸಿ."

"ಒಂದೇ ಸಾಕ್. ಎರಡ್ ಕೊಡುದಿಲ್ಲ."

"ಹಂಗಾರೆ ಬೇರೆಯವ್ರ ಹತ್ರ ತಕಂತೆ."

"ತಕಣಿ. ಅವ್ರ್ ನಾಕ್ ಬೇಕಾರೂ ಕೊಡ್ತ್ರ್." ಅವರು ನಕ್ಕರು. "ಸಂಬಂಧ ಕುದುರ್ಸುಕೆ ಒಬ್ಬ ದಲ್ಲಾಳಿ ಸಾಕ್ ಮಾರಾಯ್ರೆ. ಮನಿ ತುಂಬಾ ದಲ್ಲಾಳಿಗಳೇ ಆರೆ ಗಂಡು ಹೆಣ್ಣು ಕೂಕಂಬುಕೆ ಜಾಗ ಎಲ್ಲಿತ್ತ್?"

ಮಾಲು ಬೇಡ ಎನ್ನುವ ಮಾರಾಟಗಾರನನ್ನು ನಾನು ಕಂಡಿರಲಿಲ್ಲ. ಇದರಲ್ಲೇನೋ ಮಸಲತ್ತಿದೆ ಎಂದು, ಒಂದು ಸಲ ಅವರು ಹೇಳಿದಷ್ಟು, ಇನ್ನೊಂದು ಸಲ ಅದರ ಎರಡರಷ್ಟು ಹಾಕಿ ನೋಡಿದೆ. ಶೆಡ್ಡಿನ ಮಾಡಿನ ಮೇಲಿನಿಂದ ಎತ್ತಿ ಹಾಕಿದರೂ ಎರಡು ರಾಟೆಯೂ ಒಡೆಯಲಿಲ್ಲ. ಆದರೆ ಹೆಚ್ಚು ಹಾಕಿದ ರಾಟೆ ರಬ್ಬರಿನಂತೆ ಮೆತ್ತಗಾಗಿ, ತುಂಬಿದ ಕೊಡಪಾನ ಕಟ್ಟಿದ ಹಗ್ಗ ಅದರೊಳಗೇ ಹೂತುಹೋಯಿತು. ಸೇರಿಸುವ ವಸ್ತು ಹೆಚ್ಚಾದರೆ ಕೆಡುವುದು ಹೇಗೆ? ಇಂದಿಗೂ ನನಗೆ ಸರಿಯಾಗಿ ಅರ್ಥವಾಗಿಲ್ಲ.

ಅವರ ಅಳತೆಯ ರಾಟೆಯೇ ಬೇಸಿಗೆಯೆಲ್ಲ ಓಡಿತು. ಮಳೆಗಾಲದಲ್ಲಿ ಅದೇ ಅಳತೆ, ಅದೇ ಹರಳು, ಆದರೂ ರಾಟೆ ಮತ್ತೆ ಒಡೆಯಿತು. ಸಿದ್ದಾಪುರದವರು ಕರೆಸಿದರು. ನಾನು ಏಜೆಂಟರನ್ನೂ ಎಳೆದುಕೊಂಡು ಹೋದೆ. ಬಸ್ಸಿನಲ್ಲಿ ನಾನು ಬೈಯುತ್ತಲೇ ಇದ್ದೆ, ಅವರು ಕೇಳಿದ್ದು ಇಷ್ಟೇ:

"ಬಲೆ ಒಣ್ಸಿದ್ರ್ಯಾ?"

"ಅಂಗಳದಗೆ ಹರ್ಡಿದ್ದೆ."

"ಹಪ್ಪಳ ಮಳಿಗಾಲ್ದಗೆ ಹೊರಗೆ ಇಟ್ರೆ ಎಂತಾತ್ತ್?"

"ಮೆತ್ತಗಾತ್ತ್."

"ನೈಲಾನೂ ಹಾಂಗೆ. ನೀರ್ ಕುಡಿತ್ತ್. ಬಿಸಿಗಾಳಿ ಹಿಡ್ಸಿ ಒಣ್ಸುಕಾತ್ತ್."

ಏಜೆಂಟರು ಅಂಗಡಿಯ ಮೆಟ್ಟಿಲು ಹತ್ತಿದವರೇ, ನಾನು ಬಾಯಿ ತೆರೆಯುವ ಮೊದಲು ಹೇಳಿದರು: "ತಪ್ಪು ನನ್ದ್. ಒಣ್ಸುದ್ ಹೆಂಗೆ ಅಂದ್ ನಾನ್ ಹೇಳ್ಲಿಲ್ಲ. ಇನ್ನೊಂದ್ ಲಾಟ್ ಕಾಣಿ."

ಅಂಗಡಿಯವರು ಒಪ್ಪಿದರು. ಆ ಲಾಟು ಒಡೆಯಲಿಲ್ಲ, ಶೆಡ್ಡು ಉಳಿಯಿತು. ತಪ್ಪು ಒಪ್ಪಿಕೊಂಡರೆ ಅವರಿಗೆ ಹಣ ಬರುವುದಿಲ್ಲ, ಹೆಸರು ಕೆಡುತ್ತದೆ. ನನ್ನ ತಪ್ಪನ್ನು ಅವರೇಕೆ ತಲೆಯ ಮೇಲೆ ಹಾಕಿಕೊಂಡರು? ಕೇಳಿದರೆ "ಚಾ ಕುಡಿವ" ಎಂದರಷ್ಟೆ.

ಹತ್ತು ಹನ್ನೆರಡು ವರ್ಷ ಅವರಿಂದಲೇ ಕೊಂಡೆ. ಒಮ್ಮೆ ಹರಳಿಗೆಂದು ಫೋನ್ ಮಾಡಿದಾಗ ಹೆಂಗಸೊಬ್ಬರು ಎತ್ತಿದರು. "ಅವ್ರ್ ತೀರಿ ಹ್ವಾಯಿ ಆರ್ ತಿಂಗ್ಳಾಯ್ತ್." ನಾನು ಬಿಜೂರಿಗೆ ಹೋಗಿ ಇಳಿದೆ. ಯಾವ ದಾರಿ, ಯಾವ ಮನೆ, ತಿಳಿಯದು. ಇಷ್ಟು ವರ್ಷ ರೇಟು ಕೇಳಿದ್ದೆನೇ ಹೊರತು ಮನೆ ಕೇಳಿರಲಿಲ್ಲ. ಅವರಿವರನ್ನು ವಿಚಾರಿಸಿ ಅಂಗಳ ಮುಟ್ಟುವಾಗ ಸಂಜೆಯಾಗಿತ್ತು.

ನಿಮಗೆ ನನ್ನದೊಂದು ಬುದ್ಧಿಮಾತು. ಅಷ್ಟು ಬೇಡ, ಇಷ್ಟೇ ಸಾಕು ಎನ್ನುವ ವ್ಯಾಪಾರಿ ಸಿಕ್ಕರೆ ಚೌಕಾಸಿಯನ್ನು ಅಲ್ಲಿಗೇ ನಿಲ್ಲಿಸಿ, ಅವರ ಮನೆ ಎಲ್ಲಿ ಎಂದು ಕೇಳಿ. ಕೇಳಿ ಸುಮ್ಮನಾಗಬೇಡಿ. ಅವರು ಇರುವಾಗಲೇ ಒಮ್ಮೆ ಹೋಗಿ ಬನ್ನಿ.