ನಿಂಗಮ್ಮನ ಪುಸ್ತಕದ ಬೆಳ್ಳಗಿನ ಪುಟಗಳು

ಒಬ್ಬಳೇ ಇರುವ ಮನೆಯಲ್ಲಿ ನಾನು ಕರೆಂಟ್ ಬಿಲ್ಲನ್ನೂ ಎರಡು ಸಲ ಓದುತ್ತೇನೆ. ಹಾಗಾಗಿ ಮೊನ್ನೆ ಪೇಪರಿನಲ್ಲಿ ಬಂದಿದ್ದ, ದೇಶದೇಶಗಳ ವಯಸ್ಕರ ಶಿಕ್ಷಣದ ಲೇಖನವನ್ನೂ ಬಿಡಲಿಲ್ಲ. ಕ್ಯೂಬಾದಲ್ಲಿ ಕಲಿತವರು ಕೊನೆಗೆ ಒಂದು ಕಾಗದ ಬರೆದು ತೋರಿಸಬೇಕಿತ್ತಂತೆ. ಇನ್ನು ಕೆಲವು ದೇಶಗಳಲ್ಲಿ ಔಷಧಿ ಡಬ್ಬಿಯ ಮೇಲಿನ ಚೀಟಿ ಓದಿಸಿ, ದಿನಕ್ಕೆಷ್ಟು ಸಲ ತಗೋಬೇಕು ಹೇಳಿ ಅನ್ನುತ್ತಾರಂತೆ. ನಾನು ಅಕ್ಷರ ಕಲಿಸಿದವರನ್ನು ಏನು ಕೇಳಿದ್ದೆ ಎಂದು ಯೋಚಿಸುತ್ತ ಎದ್ದುಹೋಗಿ ಟ್ರಂಕು ತೆಗೆದೆ. ತಳದಲ್ಲಿದ್ದ ಅಕ್ಷರಪುಸ್ತಕ ಬಿಡಿಸಿದರೆ ಹೊಗೆಸೊಪ್ಪಿನ ವಾಸನೆ. ಹುಣಸೂರಿನಲ್ಲಿ ಆ ವಾಸನೆ ಎಲ್ಲಿಲ್ಲ ಹೇಳಿ, ಆದರೆ ಇದು ನಿಂಗಮ್ಮನ ಕೈಯದು.

ಇಪ್ಪತ್ತೈದು ವರ್ಷದ ಹಿಂದೆ ಬೆಟ್ಟದಪುರದಾಚೆಯ ಹಳ್ಳಿಯೊಂದರಲ್ಲಿ ನಾನು ಸಾಕ್ಷರತೆಯ ಟೀಚರು. ಮಧ್ಯಾಹ್ನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಅಕ್ಷರ ಹೇಳಿಕೊಡುತ್ತಿದ್ದೆ. ಸೊಪ್ಪಿನ ಅಂಟಿಗೆ ಕಪ್ಪಾದ ಬೆರಳನ್ನೇ ಸಾಲಿನ ಕೆಳಗೆ ಎಳೆಯುತ್ತ ಓದುತ್ತಿದ್ದರು. ನಾನೂ ಒಂದು ಕಡ್ಡಿ ಕಟ್ಟಹೋಗಿ ಎಲ್ಲ ಉದುರಿಸಿದಾಗ, ನನ್ನ ಓರಗೆಯ ನಿಂಗಮ್ಮ ಅಂದಿದ್ದಳು: "ನಾವಾರ ಕಾಗುಣ್ತ ಕಲ್ತೇವು, ನೀವು ಇದ ಕಲಿಯಾಕಿಲ್ಲ ಬುಡಿ ಟೀಚರಮ್ಮ."

ಅವಳಿಗೆ ಇದ್ದದ್ದು ಒಂದೇ ಆಸೆ. ಕೊಡಗಿಗೆ ಕೊಟ್ಟಿದ್ದ ತಂಗಿಯ ಕಾಗದಗಳನ್ನು ಅಂಗಡಿಯವನು ಓದಿ ಹೇಳುತ್ತಿದ್ದ, ಅದು ತಪ್ಪಬೇಕು.

"ಅವ ಓದುದ್ರೆ ಊರಿಗೇ ಓದ್ದಂಗೆ ಕಣ್ ಟೀಚರಮ್ಮ. ಅವ್ಳು ಅಳ್ತಾ ಬರ್ದಿರೋದು ನಂಗೊಬ್ಬಳಿಗೇ ತಾನೆ?"

ಅವಳು ಹೆಸರು ಬರೆದ ದಿನ ರಿಜಿಸ್ಟರಿನಲ್ಲಿ ಸಾಕ್ಷರೆ ಎಂದು ಗುರುತು ಹಾಕಿದೆ. ಸಹಿ ಬಂದವರಿಂದ ಪುಸ್ತಕ ವಾಪಸು ತೆಗೆದುಕೊಂಡು ಮುಂದಿನ ಊರಿಗೆ ಒಯ್ಯುವುದು ನಮ್ಮ ಕ್ರಮ.

"ಇದು ನನ್ ತಾವೇ ಇರ್ಲಿ. ಇನ್ನೂ ಪಾಠ ಅವಲ್ಲ" ಅಂದಳು.

"ನೀನು ಪಾಸಾದೆ ಕಣಮ್ಮ" ಎಂದು ನಗುತ್ತಲೇ ಕೈಯಿಂದ ಬಿಡಿಸಿಕೊಂಡೆ. ಮುಂದಿನ ಊರಿನಲ್ಲಿ ತರಗತಿ ಶುರುವಾಗಲೇ ಇಲ್ಲ. ಪುಸ್ತಕ ನನ್ನಲ್ಲೇ ಉಳಿಯಿತು.

ಕಪ್ಪು ಬೆರಳ ಗುರುತು ಅರ್ಧ ಪುಸ್ತಕದವರೆಗಿದೆ. ಆಮೇಲಿನ ಪುಟಗಳು ಇವತ್ತಿಗೂ ಬೆಳ್ಳಗಿವೆ. ಕೊನೆಯ ಪಾಠ ಕಾಗದ ಓದುವುದು.

ಸಂತೆಗೆ ಸೊಪ್ಪು ತರಕಾರಿ ತರುವ ಆ ಊರಿನವಳನ್ನು ಕೇಳಿದೆ. ನಿಂಗಮ್ಮ ಇದ್ದಾಳಂತೆ, ಗಟ್ಟಿಯಾಗೇ ಇದ್ದಾಳಂತೆ. ಬರುತ್ತೇನೆಂದು ತಿಳಿಸಲು ಇವಳ ಕೈಯಲ್ಲೇ ಕಾಗದ ಕೊಟ್ಟರಾಯಿತು ಎಂದು ಕೂತು, ತಪ್ಪಾಯಿತು ಕಣೇ ಎಂದೂ ಬರೆದೆ. ಮಡಿಸುವಾಗ ಹೊಳೆಯಿತು, ಇದನ್ನೂ ಅವಳಿಗೆ ಯಾರಾದರೂ ಓದಿಯೇ ಹೇಳಬೇಕು.

ಹರಿದು ಹಾಕಿದೆ. ಪುಸ್ತಕ ಚೀಲದಲ್ಲಿಟ್ಟಿದ್ದೇನೆ. ಬೆಳಗಿನ ಬೆಟ್ಟದಪುರದ ಬಸ್ಸಿಗೆ ನಾನೇ ಹೊರಡಬೇಕು.