ಚಿಂಗ್‌ಮೇಯ್ ಕಿತ್ತ ಸಸಿಗಳು

ಹೈನಾನ್ ದ್ವೀಪದ ನಮ್ಮ ಗದ್ದೆಗಳಿಗೆ ಚಳಿಗಾಲದಲ್ಲಿ ಉತ್ತರದಿಂದ ತಳಿವಿಜ್ಞಾನಿಗಳು ಬರುತ್ತಾರೆ. ಅವರನ್ನೆಲ್ಲ ನಾವು ಮೇಷ್ಟ್ರೇ ಎನ್ನುತ್ತೇವೆ. ಅವರು ಕಲಿಸುವುದಕ್ಕೇ ಹುಟ್ಟಿದವರು, ಕಲಿಯುವುದಕ್ಕಲ್ಲ. ಫೂ ಚಿಂಗ್‌ಮೇಯ್ ಹದಿನೆಂಟು ವರ್ಷದಿಂದ ಅವರ ಭತ್ತ ನೆಡುತ್ತಿದ್ದಾಳೆ.

ಈ ಸಲದ್ದು ಮೂತ್ರಪಿಂಡ ಕೆಟ್ಟವರೂ ಹೊಟ್ಟೆತುಂಬ ಉಣ್ಣಬಹುದಾದ ಭತ್ತ. ಆ ಗುಣದ ಜೀನ್ ಯಾವ ಸಸಿಯಲ್ಲಿದೆಯೆಂದು ಕಣ್ಣಿಗೆ ಕಾಣದು. ಎಲೆಯ ಚೂರು ಪ್ರಯೋಗಾಲಯಕ್ಕೆ ಹೋಗಬೇಕು. ಬೆಳೆದ ಅಕ್ಕಿ ಬೇಸಿಗೆಯಲ್ಲಿ ಪಟ್ಟಣದ ಆಸ್ಪತ್ರೆಯ ಇಪ್ಪತ್ತು ರೋಗಿಗಳಿಗೆ. ಅವಳ ಗಂಡನೂ ಅವರಲ್ಲೊಬ್ಬ. ಎರಡು ವರ್ಷದಿಂದ ಅಳೆದ ಅನ್ನ ತಿನ್ನುತ್ತಿದ್ದಾನೆ.

ನಾವು ನೆಡುವುದು ಹಾವಿನ ನಡೆಯಂತೆ. ಒಂದು ಸಾಲು ಕಾಲುವೆಯಿಂದ ರಸ್ತೆಗೆ, ಮುಂದಿನದು ರಸ್ತೆಯಿಂದ ಕಾಲುವೆಗೆ. ಎಣಿಕೆಯೂ ಹಾಗೇ. ಸಾಲಿಗೊಂದು ಗೂಟ, ಸಸಿಗೆ ಬೇರೆ ಚೀಟಿಯಿಲ್ಲ.

ಫಲಿತಾಂಶದ ಹಾಳೆ ಬಂದ ಬೆಳಿಗ್ಗೆ ಅವಳು ಅದರಲ್ಲಿದ್ದ ಸಾಲು-ಸಸಿ ಸಂಖ್ಯೆಯಂತೆ ಜೀನ್ ಇಲ್ಲದ ಸಸಿಗಳನ್ನು ಎಣಿಸಿ ಕಿತ್ತು ಬದುವಿನ ಮೇಲೆ ಹಾಕಿದಳು. ಊಟದ ಹೊತ್ತಿಗೆ, ಈ ವರ್ಷವೇ ಬಂದ ಚಿಯಾವ್ ಮೇಷ್ಟ್ರು ಪಕ್ಕದಲ್ಲಿ ಕೂತರು.

"ಎಲೆ ಕೀಳೋವಾಗ ಕಾಲು ಬಿದ್ದೋಯ್ತು ಅಕ್ಕಾ. ಒಂದೊಂದು ಸಾಲು ಮುಗಿದ್ಮೇಲೂ ವಾಪಸ್ ಕಾಲುವೆ ಹತ್ರಾನೇ ನಡೀಬೇಕು."

ಅವಳ ತುತ್ತು ನಿಂತಿತು. "ಎಲ್ಲಾ ಸಾಲೂ ಕಾಲುವೆ ಕಡೆಯಿಂದ್ಲೇ ಎಣಿಸಿದ್ರಾ ಮೇಷ್ಟ್ರೇ?"

"ಮತ್ತೆ?"

"ಹಾಗಾದ್ರೆ ನಾವು ರಸ್ತೆಯಿಂದ ಎಣಿಸೋ ಎರಡು, ನಾಲ್ಕು, ಆರನೇ ಸಾಲಲ್ಲಿ ಒಳ್ಳೇವನ್ನೂ ಕಿತ್ತಾಕಿದೀನಿ. ಬೇರು ಇನ್ನೂ ಹಸಿ ಇದೆ, ಈಗ್ಲೇ ನೆಟ್ಬಿಡ್ತೀನಿ. ಎಲೆ ಇನ್ನೊಂದ್ಸಲ ಕಳ್ಸಿ."

"ಕಳ್ಸಿದ್ರೆ ಯಾಕೆ ಅಂತ ಕೇಳ್ತಾರೆ. ಮುಂದಿನ ಚಳಿಗಾಲಕ್ಕೆ ನೋಡೋಣ ಬಿಡಿ."

"ನಿಮ್ಗೆ ಮುಂದಿನ ಚಳಿಗಾಲ. ನಮ್ಮನೇವ್ರು ದಿನಾ ಮೂರ್ಹೊತ್ತು ಊಟಕ್ಕೆ ಕೂರ್ತಾರೆ."

ಕಿತ್ತ ಸಸಿ ಗದ್ದೆ ದಾಟುವಂತಿಲ್ಲ, ಹೂಳಬೇಕು ಎಂಬುದು ಸಂಶೋಧನಾ ಕೇಂದ್ರದ ನಿಯಮ. ಅಂದು ಆ ನಿಯಮ ಮೇಷ್ಟ್ರಿಗೆ ಬಹಳ ಬೇಗ ನೆನಪಾಯಿತು. ಅವಳು ಅರ್ಧ ಸಾಲು ಮರಳಿ ನೆಡುವಷ್ಟರಲ್ಲಿ ಉಳಿದವು ಗುಂಡಿಗೆ ಬಿದ್ದು, ಮೇಲೆ ಸುಣ್ಣ ಸುರಿದಾಗಿತ್ತು. ನೆಟ್ಟವನ್ನೂ ಕೀಳಿಸಿದರು.

ಸಂಜೆ ಮೇಷ್ಟ್ರು ಸಸಿ ಹಾಳಾದುದರ ವರದಿ ತಂದರು. ಕಾರಣ: ಕೂಲಿಯವರ ಅಜಾಗರೂಕತೆ. ಸಹಿ ಹಾಕಬೇಕಂತೆ. ಅವಳು ಅದನ್ನು ಹೊಡೆದುಹಾಕಿ ಬರೆದಳು: ‘ಎಲೆ ಕಿತ್ತವರು ನಮ್ಮ ಎಣಿಕೆ ಕೇಳಲಿಲ್ಲ. ಸಸಿ ಕೀಳುವ ಮುಂಚೆ ನಾನೂ ಅವರನ್ನು ಕೇಳಲಿಲ್ಲ.’

"ಇದೇನಕ್ಕಾ, ನಿಮ್ತಲೆ ಮೇಲೂ ಹಾಕ್ಕೊಂಡ್ರಿ?"

"ನನ್ನ ಪಾಲು ನಂಗಿರ್ಲಿ ಮೇಷ್ಟ್ರೇ. ನಿಮ್ದು ನೀವು ತಗೊಳ್ಳಿ."

ಹೊಸ ಹಾಳೆ ತಂದರು. ಅದರಲ್ಲೂ ಅದನ್ನೇ ಬರೆದಳು. ಮೂರನೆಯದನ್ನು ಅವಳಿಗೆ ತೋರಿಸದೆಯೇ ಉತ್ತರಕ್ಕೆ ಕಳಿಸಿದರು. ಆಸ್ಪತ್ರೆಯ ಪರೀಕ್ಷೆ ಒಂದು ವರ್ಷ ಮುಂದಕ್ಕೆ ಹೋಗಿದೆ. ಕೂಲಿಯವರ ತಪ್ಪಂತೆ ಎಂದು ಉತ್ತರದಲ್ಲಿ ಎಲ್ಲರೂ ನಂಬಿದ್ದಾರೆ. ಹಾಗೆ ನಂಬುವುದಕ್ಕೆ ಅವರಿಗೆ ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ.