ಜಗದೇವಿ, ಆ ಹೊಗಳಿಕೆ ಬರೆದವಳು ನಾನು

ಜಗದೇವಿ, ನಿನ್ನ ತಂತ್ರಾಂಶ 'ಕಾಗಿಣಾ'ವನ್ನು ಹೊಗಳಿ ಬಂದ ಆ ಸುಳ್ಳು ಬರಹಗಳು ನನ್ನವು. ನಿನ್ನ ಹೆಸರು ಕೆಡಲೆಂದೇ ಬರೆದೆ. ಯಾರೋ ದೂರದವರು, ಮುಖ ಗೊತ್ತಿಲ್ಲದವರು ಮಾಡಿದ್ದೆಂದು ನೀನು ಇಷ್ಟು ವರ್ಷ ನಂಬಿದ್ದೀಯ. ಅಲ್ಲ — ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನಿನ್ನ ಡಬ್ಬಿಯ ರೊಟ್ಟಿ ಮುರಿದು ತಿನ್ನುತ್ತಿದ್ದವಳು ಮಾಡಿದ್ದು.

ಇದು ಅಚ್ಚಾಗುತ್ತದೆ, ಬೇರೆಯವರೂ ಓದುತ್ತಾರೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳಬೇಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಚಿತ್ತಾಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾವಿಬ್ಬರೂ ಕಲಿಸುತ್ತಿದ್ದೆವು. ನಾನು ಸೇಡಂನಿಂದ ರೈಲಿನಲ್ಲಿ ಬರುತ್ತಿದ್ದೆ, ನೀನು ದಂಡೋತಿಯಿಂದ ಬಸ್ಸಿನಲ್ಲಿ. ನಾನು ಹಿರಿಯಳು, ನೀನು ಅಕ್ಕಾ ಎನ್ನುತ್ತಿದ್ದೆ. ಆಗ ಒಂದು ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕನ್ನಡವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತಿತ್ತು — ಒಬ್ಬೊಬ್ಬರದು ಒಂದೊಂದು ಫಾಂಟು. ಆ ರಾಶಿಯನ್ನು ಮತ್ತೆ ಕನ್ನಡವಾಗಿಸುವ ಪುಟ್ಟ ತಂತ್ರಾಂಶವನ್ನು ನೀನು ಬರೆದೆ. ಅದಕ್ಕೆ ನಿಮ್ಮೂರ ಹೊಳೆಯ ಹೆಸರನ್ನೇ ಇಟ್ಟೆ — ಕಾಗಿಣಾ. ಅಂತರಜಾಲದಲ್ಲಿ ಕನ್ನಡ ಕಂಪ್ಯೂಟರ್ ಆಸಕ್ತರದೊಂದು ವೇದಿಕೆಯಿತ್ತು. ಎಲ್ಲರೂ ಬಳಸಲೆಂದು ನೀನು ಅದನ್ನು ಅಲ್ಲಿ ಹಾಕಿದೆ.

ಹೊಗಳಿಕೆ ಬರತೊಡಗಿತು. ನೀನು ನನ್ನನ್ನು ಕರೆದು ತೋರಿಸಿದೆ.

"ಅಕ್ಕಾ, ಕುಂಚಾವರಂದಾಗ ಒಬ್ರು ರಿಟೈರ್ ಆದ ಮಾಸ್ತರ್ ಅದಾರಂತ್ರಿ. ಓದ್ಲಿಕ್ಕೇ ಬರ್ದಂಗಾಗಿದ್ದ ತಮ್ಮ ಹಳೇ ಬರಹ ಎಲ್ಲಾ ಈಗ ಕಾಗಿಣಾದಾಗ ಹಾಕಿ ಓದ್ಲಿಕತ್ತಾರಂತ. ನೋಡ್ರಿಲ್ಲಿ."

"ಭಾಳ ಚಲೋ ಆತು," ಎಂದೆ. ನಿನ್ನ ಮುಖ ನೋಡದೆ ಎಂದೆ.

ನಿನಗೆ ಗೊತ್ತಿರದ ಸಂಗತಿಯೊಂದಿತ್ತು. ಆ ವೇದಿಕೆಯಲ್ಲಿ ನಾನು ನಿನಗಿಂತ ಎಷ್ಟೋ ಮೊದಲೇ ಇದ್ದೆ — ಬೇರೊಂದು ಹೆಸರಿನಲ್ಲಿ. ಹೊಸಬರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತಿದ್ದೆ. ಆ ಹೆಸರು ನನ್ನದೆಂದು ನಿನಗೆ ಹೇಳಿರಲಿಲ್ಲ. ಎಲ್ಲಾದರೂ ತಪ್ಪು ಬರೆದಿದ್ದರೆ ನೀನು ಕಂಡುಹಿಡಿದುಬಿಡುತ್ತೀಯೆಂಬ ಅಳುಕು. ಅಷ್ಟು ಬರೆದರೂ ನನ್ನನ್ನು ಯಾರೂ ಹೀಗೆ ನೆನೆದಿರಲಿಲ್ಲ. ನಿನ್ನನ್ನು ಬಂದ ತಿಂಗಳೊಳಗೇ ತಲೆಯ ಮೇಲೆ ಹೊತ್ತರು. ಬೆಂಗಳೂರಿನಲ್ಲಿ ಸೇರುವ ಸಭೆಯಲ್ಲಿ ನೀನೇ ಬಂದು ಕಾಗಿಣಾ ತೋರಿಸಬೇಕೆಂದು ಕರೆದರು.

ಇನ್ನೂ ಒಂದಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ — ನಮ್ಮದು ಮೇಷ್ಟ್ರುಗಳ, ದೇವರ ಪೂಜೆಯವರ ಮನೆತನ. ನಿಮ್ಮ ಅವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಿಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅಕ್ಷರ ನಮ್ಮ ಸೊತ್ತು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಆದರೂ ಕಲಿತಿದ್ದೆ. ನೀನು ನನ್ನ ಕೈಕೆಳಗೆ ಕಲಿಯುವವರೆಗೆ ನನಗೆ ನಿನ್ನ ಮೇಲೆ ಪ್ರೀತಿ ಇತ್ತು. ನನ್ನನ್ನು ದಾಟಿ ಹೋದೆ ನೋಡು — ಅದನ್ನು ಸಹಿಸಲಾಗಲಿಲ್ಲ.

ಮೊದಲು ಅನುಮಾನ ಹುಟ್ಟಿತು. ಇಷ್ಟೊಂದು ಜನ ಸುಮ್ಮನೆ ಹೊಗಳುತ್ತಾರೆಯೇ? ಸಂಬಂಧಿಕರಿಂದ ಬರೆಸಿರಬೇಕು, ಯಾರಿಗೋ ದುಡ್ಡು ಕೊಟ್ಟಿರಬೇಕು. ಹೊಗಳಿದವರ ಒಂದೊಂದು ಹೆಸರನ್ನೂ ಬೆದಕಿದೆ. ಎಲ್ಲರೂ ನಿಜವಾದ ಜನ. ಅಲ್ಲಿಗಾದರೂ ನಿಲ್ಲಬಹುದಿತ್ತು. ಸಿಗದ ಪುರಾವೆಯನ್ನು ನಾನೇ ಮಾಡಲು ಕೂತೆ.

ಒಂದು ಭಾನುವಾರ ವಾಡಿಗೆ ಹೋಗಿ, ಸ್ಟೇಷನ್ ಎದುರಿನ ಇಂಟರ್‌ನೆಟ್ ಅಂಗಡಿಯಲ್ಲಿ ಹೊಸ ಹೊಸ ಹೆಸರುಗಳಿಂದ ಸದಸ್ಯೆಯಾದೆ. 'ಇಂಥ ಅದ್ಭುತ ತಂತ್ರಾಂಶ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ' — ಎಲ್ಲ ಹೆಸರಿನಲ್ಲೂ ಹೆಚ್ಚುಕಡಿಮೆ ಅದೇ ಸಾಲು. ಬೇಕೆಂದೇ ಹಾಗೆ ಬರೆದೆ. ಯಾರು ನೋಡಿದರೂ ಇದು ಬರೆಸಿದ್ದೆಂದು ತಿಳಿಯಬೇಕು. ಮರುವಾರ ನನ್ನ ಹಳೆಯ ಹೆಸರಿನಲ್ಲಿ ವಿನಯದಿಂದ ಕೇಳಿದೆ: ಈ ಹೊಗಳಿಕೆಗಳೆಲ್ಲ ಒಂದೇ ಕೈಯವು ಎನ್ನಿಸುತ್ತಿದೆ, ಹಿರಿಯರು ದಯವಿಟ್ಟು ಪರಿಶೀಲಿಸಬೇಕು.

ವೇದಿಕೆ ನಡೆಸುವವರು ಪರಿಶೀಲಿಸಿದರು. ಅವೆಲ್ಲ ಗುಲಬರ್ಗಾ ಕಡೆಯಿಂದ ಬಂದವೆಂದು ತಿಳಿಯಿತು. ನೀನು ಆ ಕಡೆಯವಳೆಂದು ಎಲ್ಲರಿಗೂ ಗೊತ್ತಿತ್ತು. ನಾನೂ ಅದೇ ಕಡೆಯವಳೆಂದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಬಂದ ಮಾತುಗಳು — ಅವನ್ನು ನೀನೇ ಓದಿದ್ದೀಯ. ಒಂದು ಮಧ್ಯಾಹ್ನ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ನನ್ನ ಹತ್ತಿರ ಬಂದು ಕೂತೆ. ಅಳುತ್ತಿರಲಿಲ್ಲ.

"ನಾ ರೊಕ್ಕ ಕೊಟ್ಟು ಬರಸೀನಂತ ಅಕ್ಕಾ. ನನ್ನ ಬಲ್ಲಿ ರೊಕ್ಕ ಎಲ್ಲಿದಾವ್ರಿ? ಆ ಕುಂಚಾವರಂ ಮಾಸ್ತರ್ಗೂ ಕೇಳ್ಯಾರ, ನಿಮಗೆಷ್ಟು ಕೊಟ್ಟಾಳಂತ. ಪಾಪ, ಅವ್ರು ಆ ವೇದಿಕೆನೇ ಬಿಟ್ಟು ಹೋದ್ರು." ಆಮೇಲೆ ನನ್ನನ್ನು ಕೇಳಿದೆ: "ನೀವರ ಅಲ್ಲಿ ಒಂದ್ ಮಾತ್ ಬರೀರಿ. ಆಕಿ ಹಂಗ ಮಾಡೋಳಲ್ಲಂತ."

ಆಗ ನಾನು ಆಡಿದ ಮಾತು ಇದು: "ಈಗ ಏನ್ ಬರದ್ರೂ ಯಾರೂ ನಂಬಂಗಿಲ್ಲ, ಜಗದೇವಿ. ತೆಗದುಬಿಡು ಅದನ್ನ. ಮಂದಿ ಮರೀತಾರ."

ಬಸ್ಸಿನ ಹೊತ್ತಾಗುವವರೆಗೆ ನಿನ್ನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಮರುದಿನ ನೀನು ಕಾಗಿಣಾವನ್ನು ತೆಗೆದುಹಾಕಿದೆ.

ಬೆಂಗಳೂರಿನ ಸಭೆಗೆ ನಿನ್ನ ಬದಲು ನನ್ನನ್ನು ಕರೆದರು — ಎಚ್ಚರಿಸಿದ ಸದಸ್ಯೆಯೆಂದು. ಕೇಂದ್ರದಲ್ಲಿ ಸಂಬಂಧಿಕರ ಮದುವೆಯೆಂದು ಹೇಳಿ ಹೋದೆ, ಸಭೆಯಲ್ಲಿ ವೇದಿಕೆಯ ಆ ಹೆಸರನ್ನೇ ಹೇಳಿಕೊಂಡೆ. ಅಂತರಜಾಲದಲ್ಲಿ ಸುಳ್ಳು ಹೊಗಳಿಕೆಯನ್ನು ಗುರುತಿಸುವುದು ಹೇಗೆ ಎಂದು ಮಾತಾಡಿದೆ. ನಾನೇ ಬರೆದ ಸಾಲುಗಳನ್ನು ಪರದೆಯ ಮೇಲೆ ತೋರಿಸಿ, ಇಲ್ಲಿ ನೋಡಿ, ಹೀಗೆ ಸಿಕ್ಕಿಬೀಳುತ್ತಾರೆ ಎಂದೆ. ಚಪ್ಪಾಳೆ ತಟ್ಟಿದರು. ನಾಚಿಕೆಯಾಯಿತೆಂದು ಬರೆದರೆ ಅದೂ ಸುಳ್ಳು. ಖುಷಿಯಾಯಿತು.

ನೀನು ಮತ್ತೆ ತಂತ್ರಾಂಶ ಬರೆಯಲಿಲ್ಲ. ಪರೀಕ್ಷೆ ಕಟ್ಟಿ ಚಿಂಚೋಳಿಯಲ್ಲಿ ಸರ್ಕಾರಿ ನೌಕರಿಗೆ ಸೇರಿದೆ. ಆಗಲೂ ನನಗೆ ಹೊಟ್ಟೆಕಿಚ್ಚಾಯಿತು — ಎಲ್ಲ ಕಿತ್ತುಕೊಂಡ ಮೇಲೂ ಈಕೆಗೆ ಏನಾದರೂ ಸಿಗುತ್ತದಲ್ಲ ಎಂದು.

ಆ ಕಿಚ್ಚು ನಿಂತದ್ದು ಕೆಲವು ವರ್ಷಗಳ ಮೇಲೆ, ವಾಡಿ ಜಂಕ್ಷನ್ನಿನಲ್ಲಿ. ಶಹಾಬಾದಿಗೆ ಹೋಗುವ ಗಾಡಿಗೆ ಕಾಯುತ್ತಿದ್ದೆ. ನೀನು ಗಂಡನನ್ನು ಕರೆದುಕೊಂಡು ಗುಂಪಿನೊಳಗಿಂದ ಓಡಿ ಬಂದೆ. ಅವರಿಗೆ ಹೇಳಿದೆ:

"ಅಕ್ಕಾ ಅಂತ ಹೇಳ್ತಿದ್ನಲ್ರಿ, ಇವ್ರೇ. ಎಲ್ಲಾರೂ ನನಗ ಕಳ್ಳಿ ಅಂದಾಗ ಇವ್ರೊಬ್ರೇ ನನ್ನ ಸಂಗಟ ಕುಂತಿದ್ರು."

ಅವರು ಕೈಮುಗಿದರು. ನಾನೂ ಮುಗಿದೆ. ಬಾಯಿ ತೆರೆದೆ ಕೂಡ — ಗಾಡಿ ಬಂತು, ಹತ್ತಿಬಿಟ್ಟೆ. ಗಾಡಿ ಬಂದದ್ದಕ್ಕೆ ಹತ್ತಿದೆನೆಂದು ಹೇಳಲಾರೆ. ಮುಂದಿನ ಗಾಡಿಗೂ ಹೋಗಬಹುದಿತ್ತು.

ಆ ವೇದಿಕೆ ಈಗ ನಿಂತುಹೋಗಿದೆ. ಹಳೆಯ ಪುಟಗಳು ಹಾಗೆಯೇ ಇವೆ. ನಿನ್ನ ಹೆಸರು ಹುಡುಕಿದರೆ ಮೊದಲು ಕಾಣುವುದು ಆ ಆರೋಪ. ವೇದಿಕೆ ನಡೆಸುತ್ತಿದ್ದವರಿಗೆ ನನ್ನ ನಿಜವಾದ ಹೆಸರು ಹಾಕಿ ಎಲ್ಲ ತಿಳಿಸಿದ್ದೇನೆ. ಆರೋಪದ ಮೇಲೆಯೇ ಈ ಸತ್ಯ ಕಾಣುವಂತೆ ಹಾಕಲು ಒಪ್ಪಿದ್ದಾರೆ. ಕುಂಚಾವರಂ ಮಾಸ್ತರರಿಗೆ ಹೇಳುವಂತಿಲ್ಲ. ಅವರು ತೀರಿಕೊಂಡರೆಂದು ತಿಳಿಯಿತು.

ಇದು ಅಚ್ಚಾಗುವ ಮೊದಲು ಚಿಂಚೋಳಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಎದ್ದು ಹೋಗೆಂದರೆ ಹೋಗುತ್ತೇನೆ. ನಿನ್ನ ಯಜಮಾನರಿಗೆ ಮಾತ್ರ ಹೇಳು — ಅಂದು ಅವರು ಕೈಮುಗಿದದ್ದು ಯಾರಿಗೆ ಎಂದು.